ಯಂತ್ರಕ್ಕೆ ಮನುಷ್ಯರ ಮಾತು ಕಲಿಸಿದ ಗ್ರೇಸ್ ಹಾಪರ್

ಮಕ್ಕಳೇ, ನೀವು ಹುಮನಾಬಾದಿನ ಬಜಾರಕ್ಕೆ ಹೋಗಿದ್ದೀರಲ್ಲವೇ? ಮುಂದಿನ ಸಲ ಹೋದಾಗ ಬೇಳೆಕಾಳಿನ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ಗಮನಿಸಿ. ಹಳ್ಳಿಯಿಂದ ಬಂದ ಅಜ್ಜಿಯೊಬ್ಬರು ಕನ್ನಡದಲ್ಲಿ ತೊಗರಿಬೇಳೆ ಕೇಳುತ್ತಾರೆ. ಉಮರ್ಗಾ ಕಡೆಯಿಂದ ಬಂದವರು ಮರಾಠಿಯಲ್ಲಿ ತೂರ್ ಡಾಳ ಎನ್ನುತ್ತಾರೆ. ಜಹೀರಾಬಾದ್ ಕಡೆಯವರು ತೆಲುಗಿನಲ್ಲಿ ಕಂದಿಪಪ್ಪು ಎನ್ನುತ್ತಾರೆ. ಉರ್ದು ಮಾತನಾಡುವವರು ತೂರ್ ಕೀ ದಾಲ್ ಎಂದು ಕೇಳುತ್ತಾರೆ. ಅಂಗಡಿಯವರು ಎಲ್ಲರಿಗೂ ಒಂದೇ ಚೀಲದಿಂದ ಬೇಳೆ ತೂಗಿ ಕೊಡುತ್ತಾರೆ. ಮಾತು ನಾಲ್ಕು ಬಗೆ, ಆದರೆ ಅರ್ಥ ಒಂದೇ.

ಕಂಪ್ಯೂಟರುಗಳ ಲೋಕದಲ್ಲಿಯೂ ಹೀಗೆಯೇ ಹಲವು ಭಾಷೆಗಳಿವೆ. ಕಂಪ್ಯೂಟರಿನೊಳಗೆ ಲೆಕ್ಕ ಮಾಡುವ ಭಾಗಕ್ಕೆ ಪ್ರೊಸೆಸರ್ ಎಂದು ಹೆಸರು. ಒಂದು ಬಗೆಯ ಪ್ರೊಸೆಸರಿಗೆ ತಿಳಿಯುವ ಸೂಚನೆ ಇನ್ನೊಂದು ಬಗೆಯದಕ್ಕೆ ತಿಳಿಯುವುದಿಲ್ಲ. ಹಾಗಿದ್ದರೆ ಒಬ್ಬರು ಬರೆದ ಕೆಲಸದ ಪಟ್ಟಿಯನ್ನು ಎಲ್ಲ ಯಂತ್ರಗಳಿಗೂ ತಿಳಿಸುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಲು ತಮ್ಮ ಇಡೀ ಜೀವನವನ್ನು ಮುಡಿಪಾಗಿಟ್ಟ ಒಬ್ಬ ಮಹಿಳೆಯ ಕಥೆಯನ್ನು ಇಂದು ತಿಳಿಯೋಣ. ಅವರ ಹೆಸರು ಗ್ರೇಸ್ ಹಾಪರ್.

ಏಳು ಗಡಿಯಾರಗಳು

ಗ್ರೇಸ್ ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ. ಏಳು ವರ್ಷದವಳಿದ್ದಾಗ ಆಕೆಗೆ ಒಂದು ಕುತೂಹಲ ಹುಟ್ಟಿತು. ಬೆಳಿಗ್ಗೆ ಸರಿಯಾದ ಹೊತ್ತಿಗೆ ಅಲಾರಂ ಗಡಿಯಾರ ಬಾರಿಸುವುದು ಹೇಗೆ? ಮನೆಯಲ್ಲಿದ್ದ ಒಂದು ಗಡಿಯಾರವನ್ನು ಬಿಚ್ಚಿದಳು. ಮರಳಿ ಜೋಡಿಸಲು ಬರಲಿಲ್ಲ. ಸರಿಯಾಗಿ ನೋಡೋಣವೆಂದು ಎರಡನೆಯದನ್ನು ಬಿಚ್ಚಿದಳು, ಆಮೇಲೆ ಮೂರನೆಯದನ್ನು. ತಾಯಿಗೆ ಗೊತ್ತಾಗುವ ಹೊತ್ತಿಗೆ ಏಳು ಗಡಿಯಾರಗಳು ಬಿಡಿಬಿಡಿಯಾಗಿ ಬಿದ್ದಿದ್ದವು. ತಾಯಿ ಹೊಡೆಯಲಿಲ್ಲ. ಇನ್ನು ಮುಂದೆ ಒಂದೇ ಗಡಿಯಾರವನ್ನು ಬಿಚ್ಚಬಹುದು ಎಂದು ಕಟ್ಟಳೆ ಹಾಕಿದರು.

ಓದಿನಲ್ಲಿ ಗ್ರೇಸ್ ಎಲ್ಲದರಲ್ಲಿಯೂ ಮುಂದಿದ್ದಳೆಂದು ತಿಳಿಯಬೇಡಿ. ವಾಸರ್ ಎಂಬ ಕಾಲೇಜಿನ ಪ್ರವೇಶಕ್ಕೆ ಮೊದಲ ಸಲ ಪ್ರಯತ್ನಿಸಿದಾಗ ಲ್ಯಾಟಿನ್ ಭಾಷೆಯಲ್ಲಿ ಅಂಕ ಸಾಲಲಿಲ್ಲ. ಮರುವರ್ಷ ಮತ್ತೆ ಪ್ರಯತ್ನಿಸಿ ಸೇರಿಕೊಂಡಳು. 1928ರಲ್ಲಿ ಗಣಿತ ಮತ್ತು ಭೌತವಿಜ್ಞಾನದಲ್ಲಿ ಪದವಿ ಪಡೆದಳು. ನಂತರ ಯೇಲ್ ವಿಶ್ವವಿದ್ಯಾಲಯದಲ್ಲಿ ಓದಿ 1934ರಲ್ಲಿ ಗಣಿತದಲ್ಲಿ ಡಾಕ್ಟರೇಟ್ ಗಳಿಸಿದಳು. ತಾನು ಓದಿದ ವಾಸರ್ ಕಾಲೇಜಿನಲ್ಲಿಯೇ ಗಣಿತದ ಅಧ್ಯಾಪಕಿಯಾದಳು. ಭಾಷೆಯ ಪರೀಕ್ಷೆಯಲ್ಲಿ ಹಿಂದೆ ಬಿದ್ದ ಈ ಹುಡುಗಿಯೇ ಮುಂದೆ ಯಂತ್ರಗಳ ಭಾಷೆಯ ವಿಷಯದಲ್ಲಿ ಲೋಕಕ್ಕೆ ದಾರಿ ತೋರಿಸಿದ್ದು ವಿಶೇಷವಲ್ಲವೇ?

ನೌಕಾಪಡೆಯ ಗಣಿತಜ್ಞೆ

ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಗ್ರೇಸ್ ಅವರಿಗೆ ನೌಕಾಪಡೆ ಸೇರುವ ಆಸೆ. ಆದರೆ ಅವರ ತೂಕ ನಿಯಮಕ್ಕಿಂತ 15 ಪೌಂಡು, ಅಂದರೆ ಸುಮಾರು 7 ಕಿಲೋಗ್ರಾಂ ಕಡಿಮೆ ಇತ್ತು. ವಿಶೇಷ ಅನುಮತಿ ಪಡೆದು 1943ರಲ್ಲಿ ಸೇರಿದರು. 1944ರಲ್ಲಿ ಅವರನ್ನು ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಕಳುಹಿಸಲಾಯಿತು. ಅಲ್ಲಿ ಹೋವರ್ಡ್ ಐಕನ್ ಎಂಬ ವಿಜ್ಞಾನಿಯ ಕೈಕೆಳಗೆ ಮಾರ್ಕ್ 1 ಎಂಬ ದೊಡ್ಡ ಗಣಕಯಂತ್ರವಿತ್ತು.

ಎಷ್ಟು ದೊಡ್ಡದು ಗೊತ್ತೇ? 51 ಅಡಿ ಉದ್ದ, 8 ಅಡಿ ಎತ್ತರ, ಸುಮಾರು 5 ಟನ್ ತೂಕ! ಇಷ್ಟಾದರೂ ಅದು ಒಂದು ಸೆಕೆಂಡಿಗೆ ಮೂರು ಕೂಡುವ ಲೆಕ್ಕ ಮಾತ್ರ ಮಾಡುತ್ತಿತ್ತು. ಒಂದು ಗುಣಾಕಾರಕ್ಕೆ ಸುಮಾರು 6 ಸೆಕೆಂಡು ಬೇಕಾಗುತ್ತಿತ್ತು. ಅದಕ್ಕೆ ಸೂಚನೆಗಳನ್ನು ಕಾಗದದ ಪಟ್ಟಿಯಲ್ಲಿ ತೂತು ಕೊರೆದು ಕೊಡಬೇಕಿತ್ತು. ಒಂದು ತೂತು ತಪ್ಪಿದರೂ ಇಡೀ ಲೆಕ್ಕ ಕೆಡುತ್ತಿತ್ತು.

ಮತ್ತೆ ಮತ್ತೆ ಬೇಕಾಗುವ ಸೂಚನೆಗಳನ್ನು ಗ್ರೇಸ್ ಮತ್ತು ಅವರ ಜೊತೆಗಾರರು ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಬೇಕಾದಾಗ ಒಬ್ಬರ ಪುಸ್ತಕದಿಂದ ಇನ್ನೊಬ್ಬರು ನಕಲು ಮಾಡಿಕೊಳ್ಳುತ್ತಿದ್ದರು. ಆಗ ಗ್ರೇಸ್ ಒಂದು ಸಂಗತಿಯನ್ನು ಗಮನಿಸಿದರು. ಎಂಥ ಜಾಣರಾದರೂ ನಕಲು ಮಾಡುವಾಗ ತಪ್ಪು ಮಾಡುತ್ತಾರೆ. ಕೂಡುವ ಲೆಕ್ಕದಲ್ಲಿಯೂ ತಪ್ಪುತ್ತಾರೆ. ಆದರೆ ನಕಲು ಮಾಡುವುದು, ಕೂಡುವುದು ಇವೇ ಯಂತ್ರ ಚೆನ್ನಾಗಿ ಮಾಡುವ ಕೆಲಸಗಳಲ್ಲವೇ? ಈ ವಿಚಾರ ಅವರ ತಲೆಯಲ್ಲಿ ಉಳಿಯಿತು.

1947ರಲ್ಲಿ ಮಾರ್ಕ್ 2 ಎಂಬ ಯಂತ್ರ ಕೆಟ್ಟು ನಿಂತಾಗ ಅದರೊಳಗೆ ಒಂದು ಪತಂಗ ಸಿಕ್ಕಿಕೊಂಡಿತ್ತು. ಅದನ್ನು ದಾಖಲೆ ಪುಸ್ತಕಕ್ಕೆ ಅಂಟಿಸಿ ಇಟ್ಟರು. ಕಂಪ್ಯೂಟರಿನ ದೋಷಕ್ಕೆ ಬಗ್, ಅಂದರೆ ಹುಳು, ಎನ್ನುವುದನ್ನು ಗ್ರೇಸ್ ಅವರೇ ಕಂಡುಹಿಡಿದರೆಂದು ಕೆಲವರು ಹೇಳುತ್ತಾರೆ. ಅದು ಸರಿಯಲ್ಲ. ಯಂತ್ರದ ದೋಷಕ್ಕೆ ಆ ಹೆಸರು ಅದಕ್ಕೂ ಮೊದಲೇ ಇತ್ತು. ಪತಂಗದ ಕಥೆಯನ್ನು ಸ್ವಾರಸ್ಯವಾಗಿ ಹೇಳಿ ಎಲ್ಲರಿಗೂ ತಿಳಿಸಿದವರು ಮಾತ್ರ ಗ್ರೇಸ್.

ಯಾರೂ ಮುಟ್ಟದ ಕಂಪೈಲರ್

1949ರಲ್ಲಿ ಗ್ರೇಸ್ ಫಿಲಡೆಲ್ಫಿಯಾ ನಗರದ ಒಂದು ಕಂಪನಿ ಸೇರಿದರು. ಅಲ್ಲಿ ಯೂನಿವ್ಯಾಕ್ ಎಂಬ ಗಣಕಯಂತ್ರ ತಯಾರಾಗುತ್ತಿತ್ತು. ನೋಟುಬುಕ್ಕಿನ ಕೆಲಸವನ್ನು ಯಂತ್ರಕ್ಕೇ ಒಪ್ಪಿಸಲು ಅವರು ಅಲ್ಲಿ ತೊಡಗಿದರು. ಬೇಕಾದ ಸೂಚನೆಗಳ ಗುಂಪಿಗೆ ಒಂದೊಂದು ಗುರುತು ಕೊಟ್ಟರು. ಗುರುತನ್ನು ಬರೆದರೆ ಸಾಕು, ಯಂತ್ರವೇ ಆ ಗುಂಪನ್ನು ಹುಡುಕಿ, ನಕಲು ಮಾಡಿ, ಸರಿಯಾದ ಜಾಗದಲ್ಲಿ ಜೋಡಿಸುತ್ತಿತ್ತು. 1952ರ ಹೊತ್ತಿಗೆ ಇದು ಕೆಲಸ ಮಾಡತೊಡಗಿತು. ಇದಕ್ಕೆ ಎ-0 ಎಂದು ಹೆಸರಿಟ್ಟರು. ಹೀಗೆ ಸಂಗ್ರಹಿಸಿ ಜೋಡಿಸುವ ಕ್ರಮವಿಧಿಯನ್ನು ಕಂಪೈಲರ್ ಎಂದು ಕರೆದರು. ಇಂದಿನ ಕಂಪೈಲರುಗಳಿಗೆ ಹೋಲಿಸಿದರೆ ಅದು ತೀರ ಸರಳವಾದುದು. ಆದರೂ ಆ ದಾರಿಯಲ್ಲಿ ಇಟ್ಟ ಮೊದಮೊದಲ ಹೆಜ್ಜೆಗಳಲ್ಲಿ ಅದೂ ಒಂದು.

ಎಲ್ಲರೂ ಮೆಚ್ಚಿದರೆಂದು ಭಾವಿಸಿದಿರಾ? ಇಲ್ಲ. ಕಂಪೈಲರ್ ಕಣ್ಣೆದುರಿಗೇ ಕೆಲಸ ಮಾಡುತ್ತಿದ್ದರೂ ಬಹಳ ಜನ ಅದನ್ನು ಮುಟ್ಟಲಿಲ್ಲ. ಕಂಪ್ಯೂಟರ್ ಲೆಕ್ಕ ಮಾತ್ರ ಮಾಡಬಲ್ಲುದು, ತನಗೆ ಬೇಕಾದ ಕ್ರಮವಿಧಿಯನ್ನು ತಾನೇ ಬರೆದುಕೊಳ್ಳಲಾರದು ಎಂಬುದು ಅವರ ನಂಬಿಕೆಯಾಗಿತ್ತು.

ಗ್ರೇಸ್ ಇನ್ನೂ ಮುಂದೆ ಹೋದರು. ಅಂಗಡಿ, ಬ್ಯಾಂಕು, ಕಚೇರಿಗಳಲ್ಲಿ ಕೆಲಸ ಮಾಡುವವರಿಗೆ ಗಣಿತದ ಚಿಹ್ನೆಗಳು ಹಿಡಿಸುವುದಿಲ್ಲ. ಅವರು ತಾವಾಡುವ ಮಾತಿನ ಪದಗಳಲ್ಲಿಯೇ ಯಂತ್ರಕ್ಕೆ ಸೂಚನೆ ಕೊಡುವಂತಿರಬೇಕು ಎಂದು ಅವರು ವಾದಿಸಿದರು. ಕಂಪ್ಯೂಟರಿಗೆ ಇಂಗ್ಲಿಷ್ ಅರ್ಥವಾಗುವುದಿಲ್ಲ ಎಂದು ಮೇಲಿನವರು ತಳ್ಳಿಹಾಕಿದರು. ಗ್ರೇಸ್ ಒಂದು ಚಿಕ್ಕ ಮಾದರಿ ಮಾಡಿ ತೋರಿಸಿದರು. ಅದು ಇಂಗ್ಲಿಷ್ ಪದಗಳ ಸೂಚನೆಗಳನ್ನು ಓದಿ ಯಂತ್ರಭಾಷೆಗೆ ತಿರುಗಿಸುತ್ತಿತ್ತು. ಆಮೇಲೆ ಅದೇ ಸೂಚನೆಗಳನ್ನು ಫ್ರೆಂಚಿನಲ್ಲಿ ಕೊಟ್ಟರು, ಜರ್ಮನ್ ಭಾಷೆಯಲ್ಲಿಯೂ ಕೊಟ್ಟರು. ಯಂತ್ರ ಮೂರನ್ನೂ ಒಂದೇ ರೀತಿ ಪಾಲಿಸಿತು. ನೋಡಿದ ಅಧಿಕಾರಿಗಳು ಗಾಬರಿಯಾದರು! ಅಮೆರಿಕದಲ್ಲಿ ತಯಾರಾದ ಯಂತ್ರಕ್ಕೆ ಪರದೇಶದ ಭಾಷೆ ತಿಳಿಯುವುದೆಂದರೆ ಅವರಿಗೆ ನಂಬಿಕೆಯೇ ಬರಲಿಲ್ಲ. ಯಂತ್ರದ ಪಾಲಿಗೆ ಆ ಪದಗಳೆಲ್ಲ ಬರಿಯ ಗುರುತುಗಳೆಂದು ಗ್ರೇಸ್ ವಿವರಿಸಬೇಕಾಯಿತು. ಇಂಗ್ಲಿಷಿಗೆ ಸೀಮಿತವಾಗಿರುತ್ತೇವೆ ಎಂದು ಒಪ್ಪಿಕೊಂಡ ಮೇಲೆ ಕೆಲಸ ಮುಂದುವರಿಯಿತು.

ನಮ್ಮ ಬೇಳೆ ಅಂಗಡಿಯವರಿಗೆ ಈ ಸಂಗತಿ ಹೇಳಿದ್ದರೆ ಅವರು ಗಾಬರಿಯಾಗುತ್ತಿರಲಿಲ್ಲ. ಅಲ್ಲವೇ?

ಗ್ರೇಸ್ ಅವರ ತಂಡ ರೂಪಿಸಿದ ಈ ಭಾಷೆಗೆ ಫ್ಲೋಮ್ಯಾಟಿಕ್ ಎಂಬ ಹೆಸರು ಬಂತು.

ಒಂದೇ ಬರಹ, ಎರಡು ಯಂತ್ರ

ಇಷ್ಟಾದರೂ ದೊಡ್ಡ ತೊಡಕೊಂದು ಉಳಿದಿತ್ತು. ಪ್ರತಿಯೊಂದು ಕಂಪನಿಯ ಯಂತ್ರವೂ ಬೇರೆ ಬೇರೆ. ಒಂದು ಕಚೇರಿ ಹಳೆಯ ಯಂತ್ರವನ್ನು ಬಿಟ್ಟು ಇನ್ನೊಂದು ಕಂಪನಿಯದನ್ನು ಕೊಂಡರೆ, ವರ್ಷಗಟ್ಟಲೆ ಬರೆದ ಕ್ರಮವಿಧಿಗಳೆಲ್ಲ ರದ್ದಿಗೆ ಸೇರುತ್ತಿದ್ದವು. ಎಲ್ಲವನ್ನೂ ಹೊಸದಾಗಿ ಬರೆಯಬೇಕಿತ್ತು.

ಇದೇಕೆ ಹೀಗೆ ಎಂದು ಒಂದು ಉದಾಹರಣೆಯಿಂದ ತಿಳಿಯೋಣ. ನಿಮ್ಮ ಶಾಲೆಯ ಬಿಸಿಯೂಟಕ್ಕೆ ಒಂದು ಮಗುವಿಗೆ 100 ಗ್ರಾಂ ಅಕ್ಕಿಯಂತೆ 45 ಮಕ್ಕಳಿಗೆ ಎಷ್ಟು ಅಕ್ಕಿ ಬೇಕು? 45ನ್ನು 100ರಿಂದ ಗುಣಿಸಿದರೆ 4500 ಗ್ರಾಂ, ಅಂದರೆ ನಾಲ್ಕೂವರೆ ಕಿಲೋಗ್ರಾಂ. ಈಗ ಎರಡು ಯಂತ್ರಗಳನ್ನು ಕಲ್ಪಿಸಿಕೊಳ್ಳಿ. 'ಕ' ಯಂತ್ರಕ್ಕೆ ಗುಣಿಸಲು ಬರುತ್ತದೆ. 12 ಎಂಬ ಸಂಖ್ಯೆ ಕೊಟ್ಟರೆ ಅದು ಗುಣಿಸುತ್ತದೆ. 'ಖ' ಯಂತ್ರಕ್ಕೆ ಗುಣಾಕಾರವೇ ಬರುವುದಿಲ್ಲ, ಕೂಡಲು ಮಾತ್ರ ಬರುತ್ತದೆ. ಅದರಲ್ಲಿ 12 ಎಂದರೆ ನಿಲ್ಲು ಎಂದರ್ಥ! 'ಕ' ಯಂತ್ರದ ಸೂಚನೆಗಳನ್ನು ಹಾಗೆಯೇ 'ಖ' ಯಂತ್ರಕ್ಕೆ ಕೊಟ್ಟರೆ ಅದು ಸುಮ್ಮನೆ ನಿಂತುಬಿಡುತ್ತದೆ.

ಕಂಪೈಲರ್ ಇದ್ದರೆ ಈ ತೊಡಕಿಲ್ಲ. ನೀವು ಮಕ್ಕಳ ಸಂಖ್ಯೆಯನ್ನು 100ರಿಂದ ಗುಣಿಸು ಎಂದಷ್ಟೇ ಬರೆಯುತ್ತೀರಿ. 'ಕ' ಯಂತ್ರದ ಕಂಪೈಲರ್ ಅದನ್ನು ಒಂದು ಗುಣಾಕಾರದ ಸೂಚನೆಯಾಗಿ ತಿರುಗಿಸುತ್ತದೆ. 'ಖ' ಯಂತ್ರದ ಕಂಪೈಲರ್ 100ನ್ನು 45 ಸಲ ಕೂಡು ಎಂದು ತಿರುಗಿಸುತ್ತದೆ. ದಾರಿ ಬೇರೆ, ಉತ್ತರ ಒಂದೇ. ಗುಣಾಕಾರದ ಸೂಚನೆಯಿಲ್ಲದ ಚಿಕ್ಕ ಪ್ರೊಸೆಸರುಗಳು ನಿಜವಾಗಿಯೂ ಇವೆ.

1959ರಲ್ಲಿ ಅಮೆರಿಕದ ಸರ್ಕಾರ, ಕಂಪನಿಗಳು ಮತ್ತು ತಜ್ಞರು ಸೇರಿ ಎಲ್ಲ ಯಂತ್ರಗಳಿಗೂ ಹೊಂದುವ ಒಂದು ಭಾಷೆಯನ್ನು ರೂಪಿಸಲು ಹೊರಟರು. ಅದೇ ಕೊಬಾಲ್. ಇದನ್ನು ಹಲವರು ಸೇರಿ ರೂಪಿಸಿದರು. ಮೇರಿ ಹಾವ್ಸ್, ಜೀನ್ ಸ್ಯಾಮೆಟ್ ಮೊದಲಾದ ಮಹಿಳೆಯರೂ ಅವರಲ್ಲಿದ್ದರು. ಗ್ರೇಸ್ ಸಲಹೆಗಾರರಾಗಿದ್ದರು. ಅವರ ಫ್ಲೋಮ್ಯಾಟಿಕ್ ಭಾಷೆಯೇ ಕೊಬಾಲಿಗೆ ಮುಖ್ಯ ತಳಹದಿಯಾಯಿತು.

1960ರ ಡಿಸೆಂಬರ್ 6 ಮತ್ತು 7ರಂದು ಪರೀಕ್ಷೆಯ ದಿನ ಬಂತು. ಒಂದೇ ಕೊಬಾಲ್ ಕ್ರಮವಿಧಿಯನ್ನು ಯೂನಿವ್ಯಾಕ್ 2 ಮತ್ತು ಆರ್‌ಸಿಎ 501 ಎಂಬ ಎರಡು ಯಂತ್ರಗಳಿಗೆ ಕೊಟ್ಟರು. ಎರಡನ್ನೂ ತಯಾರಿಸಿದ ಕಂಪನಿಗಳು ಬೇರೆ. ಒಂದರಲ್ಲಿ ಬಹುಪಾಲು ನಿರ್ವಾತ ನಳಿಗೆಗಳು, ಇನ್ನೊಂದರಲ್ಲಿ ಟ್ರಾನ್ಸಿಸ್ಟರುಗಳು. ಅಕ್ಷರಗಳನ್ನು ಜೋಡಿಸಿಡುವ ಕ್ರಮವೂ ಬೇರೆ. ಆದರೂ ಅಲ್ಪಸ್ವಲ್ಪ ಬದಲಾವಣೆಯೊಂದಿಗೆ ಅದೇ ಬರಹ ಎರಡರಲ್ಲಿಯೂ ನಡೆಯಿತು. ಯಂತ್ರ ಬದಲಾದರೂ ಮನುಷ್ಯರ ದುಡಿಮೆ ವ್ಯರ್ಥವಾಗಬೇಕಿಲ್ಲ ಎಂಬುದು ಅಂದು ಸಿದ್ಧವಾಯಿತು.

ನೆರೆಮನೆಯ ಹೆಪ್ಪು

ಕಂಪೈಲರನ್ನು ಹೊಸ ಪ್ರೊಸೆಸರಿಗೆ ಹೊಂದಿಸುವ ಕೆಲಸ ಹೇಗೆ ನಡೆಯುತ್ತದೆ? ಕಂಪೈಲರಿಗೆ ಮುಖ್ಯವಾಗಿ ಎರಡು ಭಾಗಗಳಿವೆ. ಮುಂದಿನ ಭಾಗ ನೀವು ಬರೆದದ್ದನ್ನು ಓದಿ ಅರ್ಥ ಮಾಡಿಕೊಳ್ಳುತ್ತದೆ. ಹಿಂದಿನ ಭಾಗ ಆ ಅರ್ಥವನ್ನು ಪ್ರೊಸೆಸರಿನ ಸೂಚನೆಗಳಾಗಿ ಬರೆಯುತ್ತದೆ. ಇವೆರಡರ ನಡುವೆ ಯಾವ ಯಂತ್ರಕ್ಕೂ ಸೇರದ ಒಂದು ನಡುಭಾಷೆ ಇರುತ್ತದೆ.

ಈಗ ಲೆಕ್ಕ ಹಾಕಿ. 4 ಭಾಷೆಗಳು, 5 ಬಗೆಯ ಪ್ರೊಸೆಸರುಗಳು ಇವೆ ಎನ್ನೋಣ. ನಡುಭಾಷೆ ಇಲ್ಲದಿದ್ದರೆ 4 ಗುಣಿಸು 5, ಅಂದರೆ 20 ಕಂಪೈಲರುಗಳು ಬೇಕು. ನಡುಭಾಷೆ ಇದ್ದರೆ 4 ಮುಂದಿನ ಭಾಗ, 5 ಹಿಂದಿನ ಭಾಗ, ಒಟ್ಟು 9 ಸಾಕು. ಆರನೆಯ ಪ್ರೊಸೆಸರ್ ಬಂದರೆ ಒಂದೇ ಒಂದು ಹಿಂದಿನ ಭಾಗ ಬರೆದರೆ ಆಯಿತು!

ಇನ್ನೊಂದು ಪ್ರಶ್ನೆ ಉಳಿಯಿತು. ಕಂಪೈಲರ್ ಕೂಡ ಒಂದು ಕ್ರಮವಿಧಿಯೇ. ಹೊಸ ಯಂತ್ರದಲ್ಲಿ ಏನೂ ಇಲ್ಲದಿರುವಾಗ ಮೊದಲ ಕಂಪೈಲರ್ ಬರುವುದೆಲ್ಲಿಂದ? ನಿಮ್ಮ ಅವ್ವನನ್ನು ಕೇಳಿ. ಹೊಸ ಮನೆಗೆ ಹೋದಾಗ ಮೊಸರು ಮಾಡಲು ಹೆಪ್ಪು ಎಲ್ಲಿಂದ ತರುತ್ತಾರೆ? ನೆರೆಮನೆಯಿಂದ! ಮೊದಲ ದಿನ ಮಾತ್ರ ಕಡ ತಂದರೆ ಸಾಕು. ಮರುದಿನದಿಂದ ಮನೆಯ ಮೊಸರೇ ಹೆಪ್ಪು. ಹಾಗೆಯೇ ಹಳೆಯ ಯಂತ್ರದಲ್ಲಿ ಕುಳಿತು ಹೊಸ ಯಂತ್ರಕ್ಕೆ ಬೇಕಾದ ಕಂಪೈಲರನ್ನು ತಯಾರಿಸಿ ಕಳುಹಿಸುತ್ತಾರೆ. ಆ ಬಳಿಕ ಹೊಸ ಯಂತ್ರ ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ.

ಮತ್ತೆ ಕರೆ ಬಂತು

1966ರ ಕೊನೆಯಲ್ಲಿ, 60ನೇ ವಯಸ್ಸಿನಲ್ಲಿ, ಗ್ರೇಸ್ ನೌಕಾಪಡೆಯಿಂದ ನಿವೃತ್ತರಾದರು. ಆದರೆ ಮರುವರ್ಷವೇ ಅವರಿಗೆ ಮತ್ತೆ ಕರೆ ಬಂತು. ಏಕೆ ಗೊತ್ತೇ? ಎಲ್ಲ ಕಂಪನಿಗಳೂ ತಮ್ಮ ಯಂತ್ರದಲ್ಲಿ ಕೊಬಾಲ್ ಇದೆ ಎನ್ನುತ್ತಿದ್ದವು. ಆದರೆ ಒಬ್ಬರ ಕೊಬಾಲ್ ಇನ್ನೊಬ್ಬರದರಂತೆ ಇರುತ್ತಿರಲಿಲ್ಲ. ಆರು ತಿಂಗಳಿಗೆಂದು ಕರೆಸಿಕೊಂಡ ಗ್ರೇಸ್ ಅವರನ್ನು ನೌಕಾಪಡೆ ವರ್ಷಗಟ್ಟಲೆ ಉಳಿಸಿಕೊಂಡಿತು. ಅವರ ತಂಡ ಕಂಪೈಲರುಗಳನ್ನೇ ಪರೀಕ್ಷಿಸುವ ಕ್ರಮವಿಧಿಗಳನ್ನು ಬರೆಯಿತು. ಅಂಗಡಿಯ ತೂಕದ ಕಲ್ಲಿಗೆ ಸರ್ಕಾರದ ಮುದ್ರೆ ಇದ್ದರೆ ತಾನೇ ನಾವು ನಂಬುವುದು? ಹಾಗೆ ಇದು ಕಂಪೈಲರಿಗೆ ಒತ್ತುವ ಮುದ್ರೆಯಾಯಿತು.

1986ರ ಆಗಸ್ಟ್ 14ರಂದು, 79ನೇ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಹುದ್ದೆಯಿಂದ ಅವರು ನಿವೃತ್ತರಾದರು. ಆಗ ನೌಕಾಪಡೆಯ ಸೇವೆಯಲ್ಲಿದ್ದ ಅಧಿಕಾರಿಗಳಲ್ಲಿ ಅವರೇ ಎಲ್ಲರಿಗಿಂತ ಹಿರಿಯರು. 1992ರ ಜನವರಿ 1ರಂದು ಅವರು ತೀರಿಕೊಂಡರು. ಅಮೆರಿಕದ ನೌಕಾಪಡೆ ತನ್ನ ಒಂದು ಯುದ್ಧನೌಕೆಗೆ ಅವರ ಹೆಸರಿಟ್ಟಿದೆ.

ಹಿಂದಿನಿಂದ ಹೀಗೆಯೇ ಮಾಡುತ್ತಾ ಬಂದಿದ್ದೇವೆ ಎಂಬ ಮಾತು ಗ್ರೇಸ್ ಅವರಿಗೆ ಸ್ವಲ್ಪವೂ ಹಿಡಿಸುತ್ತಿರಲಿಲ್ಲ. ಅದಕ್ಕಾಗಿ ತಮ್ಮ ಕೋಣೆಯ ಗೋಡೆಗೆ ಮುಳ್ಳುಗಳು ಹಿಂದುಮುಂದಾಗಿ ತಿರುಗುವ ಗಡಿಯಾರವನ್ನು ತೂಗುಹಾಕಿದ್ದರು. ಸ್ವಲ್ಪ ಅಭ್ಯಾಸವಾದರೆ ಅದರಲ್ಲಿಯೂ ಸಮಯ ಸರಿಯಾಗಿಯೇ ತಿಳಿಯುತ್ತಿತ್ತು!

ನಮ್ಮ ನಾಡಿನಲ್ಲಿ

ಕರ್ನಾಟಕದಲ್ಲಿಯೂ ಈ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾಗಿದ್ದ ಪ್ರೀತಿ ಶಂಕರ್ ಅವರು ಕಂಪೈಲರುಗಳ ವಿಷಯದಲ್ಲಿ ಸಂಶೋಧನೆ ಮಾಡಿದರು. ಪ್ರೊಸೆಸರಿನ ಸೂಚನೆಗಳ ವಿವರಣೆಯನ್ನು ಕೊಟ್ಟರೆ, ಅದಕ್ಕೆ ಬೇಕಾದ ಹಿಂದಿನ ಭಾಗ ತಾನಾಗಿಯೇ ಸಿದ್ಧವಾಗುವುದು ಹೇಗೆ ಎಂಬುದು ಅವರು ಅಧ್ಯಯನ ಮಾಡಿದ ವಿಷಯಗಳಲ್ಲೊಂದು. ಅವರು 2011ರಲ್ಲಿ ತೀರಿಕೊಂಡರು.

2001ರಲ್ಲಿ ಬೆಂಗಳೂರಿನ ವಿಜ್ಞಾನಿಗಳು ಮತ್ತು ಎಂಜಿನಿಯರುಗಳು ಸಿಂಪ್ಯೂಟರ್ ಎಂಬ ಅಂಗೈಯಗಲದ ಕಂಪ್ಯೂಟರನ್ನು ತೋರಿಸಿದರು. ಓದು ಬಾರದವರಿಗೂ ಉಪಯೋಗವಾಗಲೆಂದು ಭಾರತದ ಭಾಷೆಗಳಲ್ಲಿ ಬರಹವನ್ನು ಓದಿ ಹೇಳುವಂತೆ ಅದನ್ನು ರೂಪಿಸಲಾಗಿತ್ತು. ಅದರೊಳಗಿದ್ದುದು ಆ ಕಾಲದ ಮೇಜಿನ ಕಂಪ್ಯೂಟರುಗಳ ಪ್ರೊಸೆಸರ್ ಅಲ್ಲ, ಕಡಿಮೆ ವಿದ್ಯುತ್ ಬಳಸುವ ಸ್ಟ್ರಾಂಗ್‌ಆರ್ಮ್ ಎಂಬ ಬೇರೆ ಬಗೆಯದು. ಆ ಬಗೆಗೆ ಹೊಂದಿಸಿದ ಕಂಪೈಲರ್ ಇಲ್ಲದಿದ್ದರೆ ಸಿಂಪ್ಯೂಟರ್ ಮೂಕವಾಗಿರುತ್ತಿತ್ತು. ಅದು ಬಹಳ ಕಾಲ ಮಾರುಕಟ್ಟೆಯಲ್ಲಿ ಉಳಿಯಲಿಲ್ಲ. ಆದರೆ ಅದೇ ಆರ್ಮ್ ಕುಟುಂಬದ ಪ್ರೊಸೆಸರುಗಳು ಇಂದು ನಿಮ್ಮ ಮನೆಯ ಮೊಬೈಲಿನಲ್ಲಿಯೂ ಇರಬಹುದು. ಮದ್ರಾಸಿನ ಐಐಟಿಯಲ್ಲಿ ರೂಪುಗೊಂಡ ಶಕ್ತಿ ಎಂಬ ಪ್ರೊಸೆಸರ್ 2018ರಲ್ಲಿ ಲಿನಕ್ಸನ್ನು ನಡೆಸಿ ತೋರಿಸಿತು. ಅದಕ್ಕೂ ಹೊಂದುವ ಕಂಪೈಲರ್ ಬೇಕಾಯಿತು.

ಮಕ್ಕಳೇ, ಹುಮನಾಬಾದಿಗೆ ಹತ್ತಿರದಲ್ಲಿಯೇ ಬಸವಕಲ್ಯಾಣವಿದೆ. 12ನೇ ಶತಮಾನದಲ್ಲಿ ಅಲ್ಲಿ ಕೂಡಿದ ಶರಣರು ದೊಡ್ಡ ವಿಚಾರಗಳನ್ನು ಜನರಾಡುವ ಕನ್ನಡದಲ್ಲಿಯೇ ಹೇಳಿದರು. ತಿಳಿವಳಿಕೆ ಕೆಲವರ ಸ್ವತ್ತಾಗಿ ಉಳಿಯಬಾರದೆಂಬುದು ಅವರ ಆಶಯವಾಗಿತ್ತು. ಎಂಟು ನೂರು ವರ್ಷಗಳ ಬಳಿಕ, ಬೇರೊಂದು ಖಂಡದಲ್ಲಿ, ಬೇರೊಂದು ವಿಷಯದಲ್ಲಿ ಗ್ರೇಸ್ ಹಾಪರ್ ಅವರೂ ಇಂಥದೇ ಆಸೆ ಇಟ್ಟುಕೊಂಡಿದ್ದರು. ಯಂತ್ರದ ಜೊತೆ ಮಾತನಾಡುವ ಹಕ್ಕು ಕೆಲವೇ ತಜ್ಞರದಾಗಿರಬಾರದು, ಎಲ್ಲರದೂ ಆಗಿರಬೇಕು ಎಂಬುದೇ ಆ ಆಸೆ. ಆ ಎಲ್ಲರಲ್ಲಿ ನೀವೂ ಸೇರಿದ್ದೀರಿ.

ಮಾಡಿ ನೋಡಿ

1. ಗ್ರೇಸ್ ತಮ್ಮ ಭಾಷಣಗಳಲ್ಲಿ ಕೇಳುಗರಿಗೆ ಸುಮಾರು 30 ಸೆಂಟಿಮೀಟರ್ ಉದ್ದದ ತಂತಿಯ ತುಂಡುಗಳನ್ನು ಹಂಚುತ್ತಿದ್ದರು. ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗಕ್ಕೆ ನ್ಯಾನೋಸೆಕೆಂಡ್ ಎನ್ನುತ್ತಾರೆ. ಅಷ್ಟರಲ್ಲಿ ಬೆಳಕು ಸಾಗುವ ದೂರವೇ ಅದು. ನೀವೂ ನಿಮ್ಮ ಅಳತೆಪಟ್ಟಿಯಿಂದ ಅಳೆದು ಒಂದು ದಾರ ಕತ್ತರಿಸಿಕೊಳ್ಳಿ. ಒಂದು ಮೈಕ್ರೋಸೆಕೆಂಡಿನಲ್ಲಿ ಸಾವಿರ ನ್ಯಾನೋಸೆಕೆಂಡುಗಳಿವೆ. ಹಾಗಾದರೆ ಆ ದಾರ ಎಷ್ಟು ಮೀಟರ್ ಉದ್ದವಿರಬೇಕು?

2. ಇಬ್ಬರು ಗೆಳೆಯರು ಯಂತ್ರಗಳಾಗಲಿ. ಒಬ್ಬರಿಗೆ ಮುಂದೆ ಹೋಗು, ಬಲಕ್ಕೆ ತಿರುಗು, ಎಡಕ್ಕೆ ತಿರುಗು ಎಂಬ ಮೂರು ಸೂಚನೆಗಳು ತಿಳಿಯಲಿ. ಇನ್ನೊಬ್ಬರಿಗೆ ಮುಂದೆ ಹೋಗು, ಬಲಕ್ಕೆ ತಿರುಗು ಎಂಬ ಎರಡೇ ತಿಳಿಯಲಿ. ಮೂರನೆಯವರು ಕಂಪೈಲರ್ ಆಗಿ, ತರಗತಿಯ ಬಾಗಿಲಿನಿಂದ ಕರಿಹಲಗೆಯವರೆಗೆ ಹೋಗಲು ಇಬ್ಬರಿಗೂ ಬೇರೆ ಬೇರೆ ಸೂಚನೆ ಬರೆದುಕೊಡಿ. ಎಡಕ್ಕೆ ತಿರುಗಲು ಬಾರದವರನ್ನು ಎಡಕ್ಕೆ ತಿರುಗಿಸುವುದು ಹೇಗೆ? ಯೋಚಿಸಿ, ಮಾಡಿ ನೋಡಿ.